ವಸಂತದ ಪಟ್ಟಿ ನಮಗೂ ಬೇಕು, ಸ್ವಲ್ಪ ಮುಂಚೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೆಂಗಳೂರಿನ ವಸಂತದ ಬಗ್ಗೆ ಒಂದು ಇಡೀ ಪುಟ ಬಂದಿತ್ತು. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ತಿನ್ನಬೇಕು ಎಂಬ ಪಟ್ಟಿ. ನಾನು ಶಿರಸಿ ತಾಲೂಕಿನವಳು, ಅಡಿಕೆ ತೋಟದ ಮನೆ. ಇಲ್ಲಿ ಕೂತು ಬೆಂಗಳೂರಿನ ಪಟ್ಟಿಯನ್ನು ಇಷ್ಟು ಗಮನವಿಟ್ಟು ಯಾಕೆ ಓದಿದೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ನಾವು ಬೆಂಗಳೂರಿಗೆ ಹೋಗುವುದೇ ಈ ಹೊತ್ತಿನಲ್ಲಿ.

ಕೊನೆಕೊಯ್ಲು ಮುಗಿದಿರುತ್ತದೆ. ಅಡಿಕೆ ಒಣಗಿ, ಸುಲಿದು, ಚೀಲ ಸೇರಿರುತ್ತದೆ. ಮಾವಿನ ಮಿಡಿ ತಂದು ಉಪ್ಪಿಗೆ ಹಾಕಿಟ್ಟರೆ ಮಳೆಗಾಲದ ತಯಾರಿ ಶುರುವಾಗುವ ತನಕ ಸ್ವಲ್ಪ ಬಿಡುವು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ಅದನ್ನು ಬಿಟ್ಟು ಯಾರೂ ಊರಿನಿಂದ ಹೊರಡುವುದಿಲ್ಲ. ಅದು ಮುಗಿದದ್ದೇ ಮಗಳ ಮನೆ, ಮಗನ ಮನೆ ಎಂದು ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಘಟ್ಟದ ಕೆಳಗಿನವರದ್ದೂ ಇದೇ ಕತೆ. ಕುಮಟಾ, ಅಂಕೋಲಾ, ಕಾರವಾರದಲ್ಲಿ ಸೆಕೆ ಏರಿದ ಕೂಡಲೇ ಪಂಚಗಂಗಾ ರೈಲು ತುಂಬುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಕೆಂಪು ಬಸ್ಸಿನಲ್ಲಿ ಗುಂಪಾಗಿಯೇ ಹೊರಡುತ್ತಾರೆ. ಸ್ಲೀಪರ್, ರಾಜಹಂಸಕ್ಕೆ ಅದು ನಡೆಯುವುದಿಲ್ಲ, ಸೊಂಟ ಸ್ವಲ್ಪ ನೋಯುತ್ತದೆ. ಆದರೆ ದುಡ್ಡಿಗಾಗಿ ಮನೆಯಲ್ಲಿ ಯಾರನ್ನೂ ಕೇಳುವುದು ಬೇಡ ಅಲ್ವಾ? ಅದೇನು ಸಣ್ಣ ಮಾತಲ್ಲ.

ಹೀಗೆ ಬಂದ ನಮಗೆ ನಿಮ್ಮ ಪುಟದಲ್ಲಿ ಸಿಕ್ಕಿದ್ದೇನು? ಮಾತಾಡಿ ನಗಿಸುವ ಹುಡುಗರ ಕಾರ್ಯಕ್ರಮ, ಮಾಲಿನಲ್ಲಿ ತಿಂಡಿ ಮೇಳ, ಯಾವುದೋ ಹೋಟೆಲಿನ ತಾರಸಿಯಲ್ಲಿ ಹಾಡು. ಎಲ್ಲದಕ್ಕೂ ಮೊಬೈಲಿನಲ್ಲೇ ಟಿಕೆಟ್ ತೆಗೆಯಬೇಕು. ಇರಲಿ, ಹೋಗುವವರು ಹೋಗಲಿ. ಆದರೆ ಚೈತ್ರ ಮಾಸದಲ್ಲಿ ಆ ಊರಿನಲ್ಲಿ ನಡೆಯುವ ದೊಡ್ಡದು ಯಾವುದೂ ಅದರಲ್ಲಿ ಇರಲಿಲ್ಲ. ಕರಗ ಇಲ್ಲ. ರಾಮನವಮಿ ಸಂಗೀತ ಇಲ್ಲ. ಮರಗಳ ಬಗ್ಗೆ ಒಂದು ಫೋಟೊ ಇತ್ತು, ಅದರ ಕೆಳಗೆ ‘ಬೆಂಗಳೂರಿನ ಚೆರ್ರಿ’ ಎಂದು ಬರೆದಿದ್ದಿರಿ.

ಅದು ಚೆರ್ರಿ ಅಲ್ಲ, ಟಬೂಬಿಯಾ. ಅಮೆರಿಕ ಖಂಡದ ಬಿಸಿ ನಾಡುಗಳಿಂದ ಬಂದ ಮರ. ಗುಲಾಬಿ ಬಣ್ಣದ್ದು ಚಳಿಗಾಲದಲ್ಲೇ ಒಂದು ಸುತ್ತು ಅರಳಿ ಮತ್ತೆ ಫೆಬ್ರುವರಿ, ಮಾರ್ಚ್‌ನಲ್ಲಿ ಕಾಣಿಸುತ್ತದೆ. ಹಳದಿಯದ್ದೂ ಹೆಚ್ಚುಕಮ್ಮಿ ಆಗಲೇ. ಅದು ಉದುರುವ ಹೊತ್ತಿಗೆ ಜಕರಂಡದ ನೀಲಿ ನೇರಳೆ. ಏಪ್ರಿಲ್ ಮುಗಿಯುತ್ತಾ ಬಂದ ಹಾಗೆ ಗುಲ್‌ಮೊಹರ್. ನಡುವೆ ಹೊಂಗೆ ಚಿಗುರುತ್ತದೆ. ಹೂವಿಗಿಂತ ನನಗೆ ಅದೇ ಚೆಂದ. ಬೀದಿಗೆ ಬೀದಿಯೇ ಎಳೆ ಹಸಿರಾಗಿ, ನೆರಳೂ ತಣ್ಣಗಿರುತ್ತದೆ.

ಒಂದಾದ ಮೇಲೆ ಒಂದು ಅರಳಲಿ ಎಂದು ಲೆಕ್ಕ ಹಾಕಿ ಬೀದಿಗೆ ಮರ ಆರಿಸಿದವರಲ್ಲಿ ಮುಖ್ಯರು ಜರ್ಮನಿಯ ಕ್ರುಂಬಿಗಲ್. ಬರೋಡಾದಲ್ಲಿ ಕೆಲಸ ಮಾಡಿ 1908ರಲ್ಲಿ ಬೆಂಗಳೂರಿಗೆ ಬಂದವರು, ಲಾಲ್‌ಬಾಗ್ ನೋಡಿಕೊಂಡವರು. ಅದೇ ಊರಿನಲ್ಲಿ 1956ರಲ್ಲಿ ತೀರಿಕೊಂಡರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರ ಉಸ್ತುವಾರಿಯಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಈಗಿನ ಬಡಾವಣೆಗಳ ನೆರಳಲ್ಲಿ ಅವರ ಪಾಲು ದೊಡ್ಡದು. ತೋಟ ಮಾಡುವವರಿಗೆ ಇಂಥ ಸುದ್ದಿ ಇಷ್ಟ. ಗಿಡ ನೆಟ್ಟವರ ಹೆಸರು ಬಿಟ್ಟು ಬರೀ ಹೂವಿನ ಫೋಟೊ ಹಾಕಿದರೆ ಏನೋ ಕಮ್ಮಿ ಅನ್ನಿಸುತ್ತದೆ.

ಜಯನಗರದ ರಸ್ತೆಗಳು, ಕಬ್ಬನ್ ಪಾರ್ಕು, ಲಾಲ್‌ಬಾಗು. ಬೆಳಿಗ್ಗೆ ಬೇಗ ಹೋದರೆ ಸಾಕು. ಮೂರಕ್ಕೂ ಹತ್ತಿರವೇ ಮೆಟ್ರೊ ಇದೆ, ಹೆಂಗಸರಿಗೆ ಸಾದಾ ಬಿಎಂಟಿಸಿ ಬಸ್ಸು ಪುಕ್ಕಟೆ. ಇಷ್ಟು ಬರೆಯಲು ನಾಲ್ಕು ಸಾಲು ಬೇಕಾಗುತ್ತಿತ್ತು. ಇನ್ನೊಂದು ಮಾತನ್ನೂ ಸೇರಿಸಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವಸಂತದ್ದಲ್ಲ. ಅದು ಜನವರಿ 26ರ ಸುಮಾರಿಗೆ ಮತ್ತು ಆಗಸ್ಟ್ 15ರ ಸುಮಾರಿಗೆ. ನಮ್ಮ ಊರಿನ ಎಷ್ಟೋ ಜನ ಏಪ್ರಿಲ್‌ನಲ್ಲಿ ಹೋಗಿ ಗಾಜಿನ ಮನೆ ಖಾಲಿ ಇದೆ ಎಂದು ಬೇಜಾರು ಮಾಡಿಕೊಂಡು ಬಂದಿದ್ದಾರೆ. ಮಾವಿನ ಮೇಳಕ್ಕೂ ಮೇ ತಿಂಗಳ ತನಕ ಕಾಯಬೇಕು.

ಈಗ ಕರಗದ ವಿಷಯ. ನನಗೆ ಹೇಳಬೇಕಾಗಿರುವುದು ಜಾಸ್ತಿ ಇರುವುದು ಇದರ ಬಗ್ಗೆಯೇ.

ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದ ಕರಗ ಚೈತ್ರ ಹುಣ್ಣಿಮೆಯ ರಾತ್ರಿ. ಹುಣ್ಣಿಮೆಗೆ ಕೆಲವು ದಿನ ಮೊದಲೇ ಧ್ವಜ ಏರಿಸಿ ಉತ್ಸವ ಶುರುವಾಗಿರುತ್ತದೆ. ನಡುವೆ ಹಸಿ ಕರಗ ಎಂಬ ಪೂಜೆ. ಅದಕ್ಕೆ ಸಂಪಂಗಿ ಕೆರೆಗೆ ಹೋಗುತ್ತಾರೆ. ಕೆರೆ ಎಂದರೆ ಈಗ ಅಲ್ಲಿ ಕಂಠೀರವ ಕ್ರೀಡಾಂಗಣ ಇದೆ, ಕರಗದ ಪೂಜೆಗೆ ಬೇಕು ಎಂದು ಪಕ್ಕದಲ್ಲಿ ಒಂದು ಚೂರು ನೀರು ಉಳಿಸಿದ್ದಾರೆ ಅಷ್ಟೇ. ಹೂವು, ತರಕಾರಿ ಬೆಳೆದು ಬೆಂಗಳೂರು ಪೇಟೆಗೆ ಕೊಟ್ಟ ತಿಗಳ ಸಮುದಾಯದವರ ಉತ್ಸವ ಇದು. ಒಂದು ಕಾಲಕ್ಕೆ ಅವರ ತೋಟಗಳಿಗೆ ಆ ಕೆರೆಯ ನೀರು ಹರಿಯುತ್ತಿತ್ತು. ಕೆರೆ ಹೋಯಿತು, ತೋಟವೂ ಹೋಯಿತು. ಆದರೂ ಅದೇ ಜಾಗಕ್ಕೆ ಬಂದೇ ಪೂಜೆ ಮಾಡುತ್ತಾರೆ. ಇದು ಗೊತ್ತಾದ ಮೇಲೆ ಕರಗ ನೋಡುವ ಕಣ್ಣೇ ಬೇರೆಯಾಗುತ್ತದೆ.

ಹುಣ್ಣಿಮೆಯ ದಿನ ನಡುರಾತ್ರಿ ದಾಟಿದ ಮೇಲೆ ಕರಗ ಗುಡಿಯಿಂದ ಹೊರಡುತ್ತದೆ, ಕೆಲವು ವರ್ಷ ಇನ್ನೂ ತಡ. ಹೊರುವವರು ಗಂಡಸರೇ. ಅರಿಶಿನ ಬಣ್ಣದ ಸೀರೆ, ಕೈತುಂಬಾ ಬಳೆ, ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ ಎಂಬ ಕಲಶ. ಅದನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಸುತ್ತ ವೀರಕುಮಾರರು, ಅವರ ಕೈಯಲ್ಲಿ ಬಿಚ್ಚುಗತ್ತಿ. ದ್ರೌಪದಿಯೇ ಬಂದಳು ಎಂಬ ನಂಬಿಕೆ. ನಾನು ಮಗಳ ಜೊತೆ ಪೇಟೆಯಲ್ಲಿ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಹೊಸಕೋಟೆಯಿಂದ ಬಂದವರು, ಮೊರದ ತುಂಬಾ ಬಿಡಿ ಮಲ್ಲಿಗೆ ಇಟ್ಟುಕೊಂಡಿದ್ದರು. ‘ನಿಮಗೂ ತಗೊಳ್ಳಮ್ಮ, ಬಂದಾಗ ಎರಚಿ’ ಎಂದು ನನ್ನ ಸೆರಗಿಗೆ ಒಂದು ಬೊಗಸೆ ಸುರಿದರು. ಆಮೇಲೆ ದೂರದಿಂದ ‘ಗೋವಿಂದ ಗೋವಿಂದ’ ಕೇಳಿಸಿತು. ಕರಗ ನಡೆದು ಬರುವುದಿಲ್ಲ, ಓಡಿ ಬರುತ್ತದೆ. ನಾನು ಎರಚುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿತ್ತು. ಹೂವು ಹಿಂದಿದ್ದ ಪೊಲೀಸರೊಬ್ಬರ ಟೋಪಿಯ ಮೇಲೆ ಬಿತ್ತು. ಅವರೂ ನಕ್ಕರು.

ಮೆರವಣಿಗೆ ಪೇಟೆಯ ಬೀದಿಗಳನ್ನು ಸುತ್ತುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಬೆಳಗಾಗುವ ಹೊತ್ತಿಗೆ ಗುಡಿಗೆ ವಾಪಸ್. ಇಡೀ ರಾತ್ರಿ ಪಾನಕ, ಮಜ್ಜಿಗೆ ಹಂಚುವವರು ಅಲ್ಲಲ್ಲಿ ಇರುತ್ತಾರೆ. ಒಂದು ಪೈಸೆ ಖರ್ಚಿಲ್ಲ. ನಮಗೆ ಜಾತ್ರೆ ಹೊಸದಲ್ಲ, ಮಾರಿಕಾಂಬೆಯ ರಥದ ದಿನ ಶಿರಸಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಕಾಂಕ್ರೀಟಿನ ರಾಜಧಾನಿ ಎಂದು ಸುಮ್ನೆ ಬೈಯುತ್ತಿದ್ದ ಊರಿನಲ್ಲಿ ಇಂಥದ್ದೊಂದು ರಾತ್ರಿ ಇದೆ ಎಂದು ಅಷ್ಟು ವರ್ಷ ಅಲ್ಲಿಗೆ ಹೋಗಿ ಬರುತ್ತಿದ್ದರೂ ನಮಗೆ ಯಾರೂ ಹೇಳಿರಲಿಲ್ಲ. ನನ್ನ ಅಳಿಯಂದಿರು ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಅಲ್ಲೇ. ಅವರೂ ನೋಡಿರಲಿಲ್ಲ! ‘ಅತ್ತೆ, ರಾತ್ರಿ ಆ ಗಲಾಟೆಯಲ್ಲಿ ನಿಮಗೆ ಆಗ್ತದಾ?’ ಎಂದು ಕೇಳಿದ್ದರು. ಯಕ್ಷಗಾನಕ್ಕೆ ಬೆಳಗಿನ ತನಕ ಗದ್ದೆಯಲ್ಲಿ ಕೂತು ಅಭ್ಯಾಸ ಇರುವವರಿಗೆ ಇದನ್ನು ಕೇಳಬಾರದು.

ಈ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ವಸಂತದಲ್ಲಿ ನಮ್ಮ ಮೇಳಗಳ ಆಟ ನೋಡಲು ಬೆಂಗಳೂರಿಗೆ ಹೋಗುವುದು ವ್ಯರ್ಥ. ಆಗ ಅವು ನಮ್ಮ ಕಡೆಯೇ ತಿರುಗಾಟದಲ್ಲಿರುತ್ತವೆ. ಬೆಂಗಳೂರಿನ ಸಭಾಂಗಣಗಳಲ್ಲಿ ಅವುಗಳ ಆಟ ಹೆಚ್ಚಾಗಿ ಮಳೆಗಾಲಕ್ಕೆ.

ಇಷ್ಟು ದೊಡ್ಡ ಉತ್ಸವವನ್ನು ನಿಮ್ಮ ಪತ್ರಿಕೆ ಹಾಕುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಾಕುತ್ತೀರಿ, ಮಾರನೇ ದಿನ. ಒಳ್ಳೆಯ ದೊಡ್ಡ ಫೋಟೊ. ನಮ್ಮ ಆವೃತ್ತಿಯಲ್ಲಿ ಅದಕ್ಕೂ ಮಾರನೇ ದಿನ. ಅಷ್ಟರಲ್ಲಿ ಮಲ್ಲಿಗೆ ಬಾಡಿರುತ್ತದೆ, ನಾವು ಶಿರಸಿಯಲ್ಲಿ ಕೂತು ‘ಅಯ್ಯೋ, ಮೊನ್ನೆ ಅಲ್ಲೇ ಇದ್ದೆವಲ್ಲ’ ಎನ್ನುತ್ತೇವೆ. ದಿನಾಂಕ ನಂಬಿ ಕೂರುವ ಹಾಗೂ ಇಲ್ಲ. 2024ರಲ್ಲಿ ಕರಗ ಏಪ್ರಿಲ್ 23ಕ್ಕೆ ಬಂತು, 2025ರಲ್ಲಿ 12ಕ್ಕೇ. ಹಾಗಾಗಿ ತಿಥಿ ಹಾಕಿ, ಜೊತೆಗೆ ಇಂಗ್ಲಿಷ್ ತಾರೀಖು ಹಾಕಿ. ಯುಗಾದಿ ಪಾಡ್ಯಕ್ಕೆ, ರಾಮನವಮಿ ನವಮಿಗೆ, ಕರಗ ಹುಣ್ಣಿಮೆಗೆ. ಇಷ್ಟು ಕಂಡರೆ ನಮ್ಮ ಮನೆಯ ಯಜಮಾನರು ಪಂಚಾಂಗ ತೆಗೆದು ಬಸ್ಸಿನ ದಿನ ತಾವೇ ಗೊತ್ತುಮಾಡುತ್ತಾರೆ. ಯುಗಾದಿಗೆ ಊರಲ್ಲಿ ಬೇವು ಬೆಲ್ಲ ತಿಂದು ಮಾರನೇ ದಿನ ಹೊರಟರೂ ಎರಡು ವಾರದೊಳಗೆ ಎಲ್ಲ ಸಿಗುತ್ತದೆ.

ರಾಮನವಮಿ ಎಂದರೆ ಬೆಂಗಳೂರಿನಲ್ಲಿ ಒಂದು ದಿನದ ಹಬ್ಬವಲ್ಲ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ಸಂಗೀತೋತ್ಸವ ನಡೆಸುತ್ತಾ ಬಂದಿದ್ದಾರೆ. ಫೋರ್ಟ್ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿ, ವಾರಗಟ್ಟಲೆ ಕಛೇರಿ. ಇದಲ್ಲದೆ ಬಡಾವಣೆಗಳ ರಾಮಮಂದಿರಗಳಲ್ಲೂ ಸಂಜೆ ಹಾಡು, ಹರಿಕಥೆ ಇರುತ್ತದೆ. ಅಲ್ಲಿ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹೋಗಿ ಕೂತರಾಯಿತು. ನಮ್ಮ ಕಡೆಯವರ ಕಿವಿ ಹಿಂದೂಸ್ತಾನಿಗೆ ಹೊಂದಿದ್ದು. ಕರ್ನಾಟಕ ಸಂಗೀತದ ತನಿ ಆವರ್ತನ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಮೊದಲ ಸಲ ಕೇಳಿದಾಗ ಮೃದಂಗ, ಘಟ ಎರಡೂ ಜಗಳಕ್ಕೆ ಬಿದ್ದಿವೆ ಎಂದುಕೊಂಡೆ. ಈಗ ಅದಕ್ಕಾಗಿಯೇ ಕಾಯುತ್ತೇನೆ. ನವಮಿಯ ದಿನ ಮಧ್ಯಾಹ್ನ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ ಕೊಡುತ್ತಾರೆ. ಲೋಟ ತೆಗೆದುಕೊಂಡು ಹೋದರೆ ಒಳ್ಳೆಯದು, ಪ್ಲಾಸ್ಟಿಕ್ ತಪ್ಪುತ್ತದೆ.

ಮೊಮ್ಮಕ್ಕಳಿಗೆ ರಜೆ. ಅವರನ್ನು ಕರೆದುಕೊಂಡು ಹೋಗಲು ವಸ್ತುಸಂಗ್ರಹಾಲಯ, ತಾರಾಲಯ ಇದ್ದೇ ಇದೆ, ಅದು ಎಲ್ಲರಿಗೂ ಗೊತ್ತು. ನಿಮ್ಮ ಪುಟದಲ್ಲಿ ಬರಬೇಕಾಗಿದ್ದು ಶೂನ್ಯ ನೆರಳಿನ ದಿನ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಖರ್ಚು ಒಂದು ಲೋಟ, ಒಂದು ತಾರಸಿ. ಸೂರ್ಯ ದಿನಾ ಸ್ವಲ್ಪ ಸ್ವಲ್ಪವೇ ಉತ್ತರಕ್ಕೆ ಸರಿಯುವುದರಿಂದ ಶಿರಸಿ, ಕಾರವಾರದ ಕಡೆ ಇದೇ ಆಟ ಕೆಲವು ದಿನ ತಡವಾಗಿ, ಏಪ್ರಿಲ್ 29, 30ರ ಸುಮಾರಿಗೆ ನಡೆಯುತ್ತದೆ. ನಾವು ಪಶ್ಚಿಮಕ್ಕಿರುವುದರಿಂದ ಗಂಟೆಯೂ ಒಂದು ಹತ್ತು ನಿಮಿಷ ಮುಂದೆ ಹೋಗುತ್ತದೆ. ಅಂದರೆ ಮೊಮ್ಮಗ ಬೆಂಗಳೂರಿನಲ್ಲಿ ಒಮ್ಮೆ ನೋಡಿ, ನನ್ನ ಜೊತೆ ಊರಿಗೆ ಬಂದು ಅಡಿಕೆ ಒಣಗಿಸಿದ ಅಂಗಳದಲ್ಲಿ ಮತ್ತೊಮ್ಮೆ ನೋಡಬಹುದು. ಮೋಡ ಇಲ್ಲದಿದ್ದರೆ. ರಾಜಧಾನಿಯ ಪುಟವೊಂದು ಜಿಲ್ಲೆಯವರಿಗೂ ಕೆಲಸಕ್ಕೆ ಬರುವುದು ಹೀಗೆ.

ಕೊನೆಯದಾಗಿ, ಬರೆಯಲು ಸ್ವಲ್ಪ ಸಂಕೋಚವಾಗುವ ಮಾತು. ಆದರೆ ಹೆಂಗಸರು ಯಾರೂ ಬರೆಯದಿದ್ದರೆ ನಿಮಗೆ ಗೊತ್ತಾಗುವುದು ಹೇಗೆ? ಕರಗದ ರಾತ್ರಿ ಶೌಚಾಲಯ ಎಲ್ಲಿದೆ ಎಂದು ಹುಡುಕುವುದರಲ್ಲೇ ನಮ್ಮ ಒಂದು ಗಂಟೆ ಹೋಯಿತು. ಕೊನೆಗೆ ಒಂದು ಮನೆಯವರು ಬಾಗಿಲು ತೆಗೆದರು, ಪುಣ್ಯಾತ್ಮರು. ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ, ಕರಗ ಹೊರಡುವುದು ಅದಾದ ಮೇಲೆ. ಹಾಗಾದರೆ ವಾಪಸ್ ಹೋಗುವುದು ಹೇಗೆ, ಬೆಳಗಿನ ಮೊದಲ ಬಸ್ಸು ಎಲ್ಲಿಂದ, ವಯಸ್ಸಾದವರು ಯಾವ ಬೀದಿಯಲ್ಲಿ ಕೂತರೆ ನೂಕುನುಗ್ಗಲು ಕಡಿಮೆ, ಕುಡಿಯುವ ನೀರು ಎಲ್ಲಿ, ದಾರಿ ತಪ್ಪಿದರೆ ಯಾವ ಠಾಣೆಯಲ್ಲಿ ಕೇಳಬೇಕು? ನಿಮ್ಮ ವರದಿಗಾರರು ಪ್ರತಿ ವರ್ಷ ಅಲ್ಲೇ ಇರುತ್ತಾರೆ, ಅವರಿಗೆ ಇದೆಲ್ಲ ಗೊತ್ತಿರುತ್ತದೆ. ತಿಂಡಿ ಮೇಳದ ಜಾಗದಲ್ಲಿ ಅರ್ಧ ಪುಟ ಇದಕ್ಕೆ ಕೊಡಿ. ಯುಗಾದಿಗೆ ಒಂದು ತಿಂಗಳು ಮೊದಲು ಕೊಡಿ. ಬೆಂಗಳೂರು ಆವೃತ್ತಿಯಲ್ಲಿ ಮಾತ್ರ ಹಾಕಿ ನಮ್ಮದರಲ್ಲಿ ಆ ಜಾಗಕ್ಕೆ ಜಾಹೀರಾತು ತುಂಬಬೇಡಿ.

ಈ ವರ್ಷದ ಹುಣ್ಣಿಮೆಗೆ ಇನ್ನೂ ದಿನ ಇದೆ. ನಮ್ಮ ಊರಿನ ಮಹಿಳಾ ಮಂಡಳಿಯವರು ಈ ಸಲ ಒಟ್ಟಿಗೆ ಹೋಗುವ ಮಾತಾಡುತ್ತಿದ್ದಾರೆ. ನೀವು ಪ್ರಕಟಿಸಿದರೆ ಕತ್ತರಿಸಿ ಎಲ್ಲರ ಚೀಲದಲ್ಲಿ ಒಂದೊಂದು ಪ್ರತಿ ಇಡುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಿ,
ಶಿರಸಿ ತಾಲೂಕು