ಸಂಚಿಕೆ ಹೊರಬಂತು, ಇನ್ನು ತಮ್ಮನಿಗೆ ಎರಡು ಮಾತು

ಮೊನ್ನೆ ಭಾನುವಾರ ನಮ್ಮೂರ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಬಿಡುಗಡೆಯಾಯಿತು. 320 ಪುಟ, 400ಕ್ಕೂ ಜಾಸ್ತಿ ಹಳೇ ಫೋಟೊ. ಅಷ್ಟನ್ನೂ ಜೋಡಿಸಿದ್ದು ಗದಗಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅದೇ ಹಳೇ ಕಂಪ್ಯೂಟರಿನಲ್ಲಿ. ವೇದಿಕೆ ಮೇಲೆ ಕರೆದು ಶಾಲು ಹೊದಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಯಜಮಾನರು ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಅದಾದ ಮೇಲೂ ನಂಬಿ ಪುಟ ಜೋಡಿಸುವ ಡಿಟಿಪಿ ಕೆಲಸ ಕೊಟ್ಟ ಸಮಿತಿಯವರಿಗೆ, ಟ್ರಂಕು ತಡಕಾಡಿ ಫೋಟೊ ಕೊಟ್ಟ ಹಳೇ ವಿದ್ಯಾರ್ಥಿಗಳಿಗೆ, ಪ್ರೂಫ್ ನೋಡಿದ ಮಾಸ್ತರರಿಗೆ, ಕೊನೇ ಗಳಿಗೆಯ ತಿದ್ದುಪಡಿಗೂ ಬೇಸರಿಸದ ಪ್ರೆಸ್ಸಿನವರಿಗೆ ಮನಸಾರೆ ನಮಸ್ಕಾರ.

ಇನ್ನು ತಮ್ಮನ ವಿಷಯ. ಒಡಹುಟ್ಟಿದವನಲ್ಲ. ಹತ್ತನೇ ಕ್ಲಾಸ್ ಮುಗಿಸಿ ನಮ್ಮಲ್ಲಿ ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪಿಂಗ್ ಕಲಿಯಲು ಬಂದ ಹುಡುಗ. ಈಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಹೆಸರು ಹಾಕಬೇಡ್ರಿ ಎಂದಿದ್ದಾನೆ.

ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್. ತೆರೆದ ಫೈಲುಗಳನ್ನು ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುವ ಮೆಮೊರಿ ಅದು. 600 ಡಿಪಿಐಗೆ, ಅಂದರೆ ತುಂಬ ಸೂಕ್ಷ್ಮವಾಗಿ, ಸ್ಕ್ಯಾನ್ ಮಾಡಿದ ನಾಲ್ಕು ಫೋಟೊ ತೆರೆದರೆ ಸಾಕು, ಹ್ಯಾಂಗ್. ಹೊಸದು ತೊಗೊಳ್ಳಿ ಅಂದವರೇ ಎಲ್ಲರೂ. ಆದರೆ ಇದು 2013ರಲ್ಲಿ ಇವರು, ನಮ್ಮ ಯಜಮಾನರು, ಸ್ವಂತ ಕೈಯಾರೆ ಜೋಡಿಸಿದ್ದು. ಹೊಸದಕ್ಕೆ ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಒಂದು ಅಂಗಡಿಯಲ್ಲಿ ಕೇಳಿ ರ‍್ಯಾಮ್ ತಂದೆ. ಹಾಕುವ ಮೊದಲು ಯಾಕೋ ತಮ್ಮನಿಗೆ ಫೋನ್ ಮಾಡಿದೆ. ಫೋಟೊ ಕಳಿಸಿ ಅಂದ. ನೋಡಿದವನೇ, "ಅಕ್ಕಾ, ಅದನ್ನ ಹಾಕಬ್ಯಾಡ್ರಿ" ಎಂದ. ನಾನು ತಂದದ್ದು ಡಿಡಿಆರ್4 ಎಂಬ ತಲೆಮಾರಿನದು. ನಮ್ಮ ಮದರ್‌ಬೋರ್ಡ್ ಅದರ ಹಿಂದಿನ ಡಿಡಿಆರ್3ರದ್ದು. ಎರಡೂ ನೋಡಲು ಒಂದೇ ಥರ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿ ಇರುತ್ತದೆ. ಅದರಲ್ಲಿ 288 ಪಿನ್ನು, ಇದರಲ್ಲಿ 240. ಕೂಡುತ್ತಿಲ್ಲ ಎಂದು ಜೋರಾಗಿ ಒತ್ತಿದ್ದರೆ ಸ್ಲಾಟೇ ಒಡೆಯುತ್ತಿತ್ತು. ಆಮೇಲೆ ಬೋರ್ಡಿನ ನಂಬರ್ ಕೇಳಿಕೊಂಡ. ಎರಡೇ ಸ್ಲಾಟ್ ಇವೆ, 16 ಜಿಬಿ ತನಕ ಹಾಕಬಹುದು ಅಂದ.

ಮರುದಿನ ಸಂಜೆ ಬಸ್ಸಿಗೆ ಬಂದೇಬಿಟ್ಟ. ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದ. ಅದರೊಳಗೆ, ಸ್ಟ್ಯಾಟಿಕ್ ಕರೆಂಟ್ ತಾಗದಂತೆ ಕಾಪಾಡುವ ಆಂಟಿಸ್ಟ್ಯಾಟಿಕ್ ಕವರಿನಲ್ಲಿ, 8 ಜಿಬಿಯ ಎರಡು ರ‍್ಯಾಮ್. ಬಸ್ಸಿನ ನೂಕುನುಗ್ಗಲಿನಲ್ಲಿ ಬಾಗಬಾರದೆಂದು ಊಟದ ಡಬ್ಬಿಯಲ್ಲಿ ಇಟ್ಟು ತಂದಿದ್ದ. ಹಾಗಾಗಿ ಆ ದಿನ ಅವನು ಮಧ್ಯಾಹ್ನದ ಊಟವನ್ನೇ ಒಯ್ದಿರಲಿಲ್ಲ.

ಬಂದವನು ನೇರವಾಗಿ ಸ್ಕ್ರೂ ಬಿಚ್ಚಲಿಲ್ಲ. ಮೊದಲು ಸಂಚಿಕೆಯ ಫೈಲೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದೆರಡನ್ನು ತೆರೆದು ನೋಡಿದ. ಶಟ್‌ಡೌನ್ ಮಾಡಿ ಪ್ಲಗ್ ಕಿತ್ತ. ಒಳಗೆ ಉಳಿದ ಕರೆಂಟ್ ಹೋಗಲಿ ಎಂದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ. ಪ್ರತಿ ಸಲ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬರಿ ಕಬ್ಬಿಣ ಮುಟ್ಟುತ್ತಿದ್ದ. ನಮ್ಮ ಮೈಯ ಸ್ಟ್ಯಾಟಿಕ್ ಕರೆಂಟ್ ನಮಗೆ ಗೊತ್ತೇ ಆಗುವುದಿಲ್ಲ, ಚಿಪ್ಪಿಗೆ ಅಷ್ಟೇ ಸಾಕಂತೆ ಸುಡಲು.

ಪಕ್ಕದ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಮಾರ್ಕರಿನ ಬರಹ ಕಂಡಿತು. ಧೂಳು ತೆಗೆದ ತಾರೀಕುಗಳು, ಒಂದರ ಕೆಳಗೊಂದು. ಇವರ ಅಕ್ಷರ. ನಾನು ಅಷ್ಟು ವರ್ಷ ಇದರ ಮುಂದೆ ಕೂತು ಕೆಲಸ ಮಾಡಿದ್ದೆ, ಅದನ್ನು ನೋಡಿಯೇ ಇರಲಿಲ್ಲ. ತಮ್ಮ ಏನೂ ಮಾತಾಡಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಗೋಡೆಗೆ ಒರಗಿಸಿಟ್ಟ.

ಹಳೇದನ್ನು ತೆಗೆದು ಹೊಸ ಎರಡನ್ನೂ ಕೂಡಿಸಿ ಆನ್ ಮಾಡಿದರೆ ಸ್ಕ್ರೀನ್ ಕಪ್ಪು. ಬರೀ ಬೀಪ್, ಬೀಪ್. ಫೈಲುಗಳು ಉಳಿದಿವೆ ಎಂದು ಗೊತ್ತಿತ್ತು. ಆದರೆ ಆ ಕಂಪ್ಯೂಟರೂ ಹೋಯಿತು ಅನ್ನಿಸಿದ್ದೇ ತಡ, ನನ್ನಿಂದ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ವರ್ಷವಿಡೀ ಯಾರ ಮುಂದೆಯೂ ಹಾಗೆ ಅತ್ತಿರಲಿಲ್ಲ.

ತಿರುಗಿ ಬಂದಾಗ ತಮ್ಮ ಮತ್ತೆ ಪ್ಲಗ್ ಕಿತ್ತು, ಬ್ರಶ್ಶಿನಿಂದ ಸ್ಲಾಟಿನ ಧೂಳು ತೆಗೆಯುತ್ತಿದ್ದ. ಒಂದು ರ‍್ಯಾಮ್ ಪೂರ್ತಿ ಕೂತಿರಲಿಲ್ಲ, ಅಷ್ಟೇ. ಅಂಚು ಹಿಡಿದು ನೇರವಾಗಿ ಒತ್ತಿದ. ಈ ತುದಿ ಟಕ್, ಆ ತುದಿ ಟಕ್. "ಈಗ ಹಚ್ಚ್ರಿ ಅಕ್ಕಾ" ಎಂದ. ಪರದೆ ಬೆಳಗಿತು. 16 ಜಿಬಿ ತೋರಿಸಿತು.

ಆಗ ರಾತ್ರಿ ಹನ್ನೊಂದೂವರೆ. ಕೆಲಸ ಮುಗಿಯಿತು, ಮಲಗು ಎಂದೆ. ಕೇಳಲಿಲ್ಲ. ರ‍್ಯಾಮಿನಲ್ಲಿ ದೋಷವಿದ್ದರೆ ಕಂಪ್ಯೂಟರ್ ಸುಮ್ನೆ ನಡೆಯುತ್ತಲೇ ಇರುತ್ತದೆ, ಸೇವ್ ಮಾಡಿದ ಫೋಟೊ ಮಾತ್ರ ಒಳಗೊಳಗೇ ಕೆಡಬಹುದು ಅಂದ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಹಚ್ಚಿ ಕುರ್ಚಿ ಎಳೆದುಕೊಂಡು ಕೂತ. ತಪ್ಪು ತೋರಿಸುವ ಕೆಂಪು ಸಾಲು ಒಂದೇ ಒಂದು ಬಂದರೂ ವಾಪಸ್ ಕೊಡೋದೇ ಎಂದ. ನಮ್ಮ ಅತ್ತೆಯವರು ಎರಡು ಸಲ ಚಹಾ ಮಾಡಿದರು. ಮೂವರೂ ಇವರ ಬಗ್ಗೆ ಮಾತಾಡಿದೆವು, ಎಷ್ಟೋ ತಿಂಗಳ ಮೇಲೆ. ಬೆಳಗಾದಾಗ ತಪ್ಪುಗಳ ಲೆಕ್ಕ ಇನ್ನೂ ಸೊನ್ನೆಯಲ್ಲೇ ಇತ್ತು.

ಮುಚ್ಚಳ ಹಾಕುವ ಮುಂಚೆ ಮಾರ್ಕರ್ ನನ್ನ ಕೈಗೆ ಕೊಟ್ಟ. ಇವರ ಕೊನೆಯ ತಾರೀಕಿನ ಕೆಳಗೆ ಆ ದಿನದ್ದನ್ನು ನಾನು ಬರೆದೆ.

ತಮ್ಮಾ, ರ‍್ಯಾಮಿನ ದುಡ್ಡನ್ನಷ್ಟೇ ನೀನು ತೊಗೊಂಡೆ, ಕೂಲಿ ಬೇಡವೆಂದೆ. ನಿನ್ನ ಡಬ್ಬಿ ಇಲ್ಲೇ ಉಳಿದಿದೆ. ಅದನ್ನು ಖಾಲಿ ಕಳಿಸುವುದಿಲ್ಲ ಅಂತಾರೆ ಅತ್ತೆಯವರು. ಈ ಭಾನುವಾರ ಬಾ, ಶೇಂಗಾ ಹೋಳಿಗೆ ಮಾಡಿರುತ್ತೇವೆ. ನಿನ್ನ ಸಂಚಿಕೆಯ ಪ್ರತಿಯನ್ನೂ ಎತ್ತಿಟ್ಟಿದ್ದೇನೆ.