ಮರ ಕೊಯ್ಯುವ ಮುಂಚೆ ಇದನ್ನು ಓದು

ತಮ್ಮಾ,

ನೀನು ಬಳ್ಳಾರಿಯಿಂದ ಕಳಿಸಿದ ಚಿತ್ರ ನೋಡಿದೆ. ಕೊಪ್ಪಳದ ಕೋಟೆ ನಾಟಕಕ್ಕೆ ಚಕಮಕಿ ಬಂದೂಕನ್ನು (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಹಳೇ ಕಾಲದ್ದು) ಮನೆಯಲ್ಲೇ ಮಾಡಲು ಹೊರಟಿದ್ದೀಯಲ್ಲ, ಬಹಳ ಖುಷಿ ಆಯ್ತು. ಆದರೆ ಆ ಚಿತ್ರದಂತೆ ಮಾತ್ರ ಮರ ಕೊಯ್ಯಬೇಡ. ಅದರಲ್ಲಿ ನಳಿಗೆ 24 ಇಂಚು, ಭುಜಕ್ಕೆ ಕೊಡುವ ಹಿಂದಿನ ಮರ ಒನಕೆಯಷ್ಟು ದಪ್ಪ. ಕೊನೇ ಸಾಲಲ್ಲಿ ಕೂತವರಿಗೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಮೊದಲನೇದು, ಕಬ್ಬಿಣದ ಪೈಪು ಬೇಡವೇ ಬೇಡ. ಲೈಸೆನ್ಸ್ ಇಲ್ಲದೆ ಬಂದೂಕು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ಯಾರಾದರೂ ಹುರುಪಿನಲ್ಲಿ ಪೈಪಿಗೆ ಮದ್ದು ತುಂಬಿದರೆ ಅದು ಒಡೆದು ಕೈ, ಕಣ್ಣು ಹೋಗುತ್ತವೆ. ನಳಿಗೆಯನ್ನೂ ಗಟ್ಟಿ ಮರದಲ್ಲೇ ಮಾಡು. ಬಾಯಿಯ ಹತ್ತಿರ ಅರ್ಧ ಇಂಚು ಕೊರೆದು ಒಳಗೆ ಕಪ್ಪು ಬಳಿದರೆ ಸಾಕು.

ಈಗ ಉದ್ದ. ನಿಮ್ಮ ಕಥೆ 1790ರದ್ದು. ಟಿಪ್ಪು 1786ರಲ್ಲಿ ಕೋಟೆ ತಗೊಂಡು ಫ್ರೆಂಚ್ ಎಂಜಿನಿಯರುಗಳಿಂದ ಭದ್ರ ಮಾಡಿಸಿದ ಮೇಲೆ, ನಿಜಾಮ ಮತ್ತು ಇಂಗ್ಲಿಷರ ಸೈನ್ಯ ಆರು ತಿಂಗಳು ಮುತ್ತಿಗೆ ಹಾಕಿ ಕೂತ ಕಾಲ. ಆಗ ಬಂದೂಕು ಅಂದರೆ ಉದ್ದನೆಯದು. ಕಂಪನಿ ಸಿಪಾಯಿಗಳ ಬಂದೂಕಿನ ನಳಿಗೆಯೇ 39 ಇಂಚು ಇತ್ತು, ಇಂಗ್ಲೆಂಡಿನ ಪದಾತಿಯದ್ದು 42. ಹಕ್ಕಿ ಹೊಡೆಯುವ ಬೇಟೆ ಬಂದೂಕುಗಳ ನಳಿಗೆಯೂ ಹಾಗೇ, 40 ಇಂಚು ದಾಟುತ್ತಿದ್ದವು. 1787ರಲ್ಲಿ ಲಂಡನ್ನಿನ ಹೆನ್ರಿ ನಾಕ್ ಮದ್ದು ಬೇಗ ಉರಿಯುವ ಹಾಗೆ ನಳಿಗೆಯ ಬುಡವನ್ನು ಬದಲಾಯಿಸಿ ಪೇಟೆಂಟ್ ತಗೊಂಡ. ಅದಾದ ಮೇಲೆ ಬೇಟೆ ಬಂದೂಕುಗಳು ನಿಧಾನವಾಗಿ 30-32 ಇಂಚಿಗೆ ಇಳಿದವು. ಆ ಹೊಸ ಫ್ಯಾಷನ್ ಮೂರೇ ವರ್ಷದಲ್ಲಿ ನಮ್ಮ ಕಡೆಯ ಪಾಳೆಯಗಾರನ ಕೈಗೆ ಬಂದಿರಲಿಕ್ಕಿಲ್ಲ ಅಲ್ವಾ? 42 ಇಡು. ಹಿಂದಿನ ಮರ ಸೇರಿ ಒಟ್ಟು 58 ಇಂಚಿನ ಆಸುಪಾಸು ಆಗುತ್ತದೆ. ನೆಲಕ್ಕೆ ಊರಿ ನಿಲ್ಲಿಸಿದರೆ ಐದೂವರೆ ಅಡಿ ಮನುಷ್ಯನ ಗದ್ದದ ಹತ್ತಿರ ಬರುತ್ತದೆ.

ನಳಿಗೆಯನ್ನು ಉದ್ದಕ್ಕೂ ಒಂದೇ ದಪ್ಪ ಮಾಡಬೇಡ. ಬುಡದಲ್ಲಿ ಒಂದೂಕಾಲು ಇಂಚು, ಎಂಟು ಮೂಲೆ. ಮೂರನೇ ಒಂದು ಭಾಗ ಆದ ಮೇಲೆ ದುಂಡಗೆ. ಮೊದಲು ಬೇಗ ಸಣ್ಣಗಾಗಬೇಕು, ಆಮೇಲೆ ನಿಧಾನವಾಗಿ, ಬಾಯಿ ಬರುವಷ್ಟರಲ್ಲಿ ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಉಳಿಯಬೇಕು. ಮದ್ದು ಸಿಡಿಯುವುದು ಬುಡದಲ್ಲಿ, ಒತ್ತಡ ಜಾಸ್ತಿ ಇರುವುದೂ ಅಲ್ಲೇ. ಅದಕ್ಕೇ ಹಳಬರು ಅಲ್ಲಿ ಲೋಹ ಬಿಟ್ಟು ಮುಂದೆ ತೆಗೆಯುತ್ತಿದ್ದರು. ನಿನ್ನದು ಸಿಡಿಯದಿದ್ದರೂ ಆ ಇಳಿಜಾರು ಕಾಣಲೇಬೇಕು, ಅದೇ ಬಂದೂಕಿನ ಅಂದ.

ಹಿಂದಿನ ಮರದ ಅಳತೆಯನ್ನು ಪುಸ್ತಕ ನೋಡಿ ಇಡಬೇಡ, ಹಿಡಿಯುವವನ ಮೈ ನೋಡಿ ಇಡು. ಪಾತ್ರ ಮಾಡುವ ಹುಡುಗನನ್ನು ಕರೆದು ಮೊಣಕೈ ಮಡಚಲು ಹೇಳು. ಮರದ ತುದಿ ಮೊಣಕೈ ಸಂದಿಯಲ್ಲಿ ಕೂತಾಗ ತೋರುಬೆರಳು ಸಲೀಸಾಗಿ ಟ್ರಿಗರ್ ಮುಟ್ಟಬೇಕು. ಸಾಧಾರಣ ಆಳಿಗೆ ಅದು 13.5ರಿಂದ 14 ಇಂಚು. ನಳಿಗೆಯ ಮೇಲಂಚಿಗೆ ಸಮವಾಗಿ ಹಿಂದಕ್ಕೆ ಒಂದು ದಾರ ಹಿಡಿ. ಕೆನ್ನೆ ತಾಗುವ ಜಾಗ ಅದಕ್ಕಿಂತ ಒಂದೂವರೆಯಿಂದ ಎರಡು ಇಂಚು ಕೆಳಗಿರಲಿ, ಭುಜಕ್ಕೆ ಕೂರುವ ತುದಿಯ ಮೇಲಂಚು ಮೂರು ಇಂಚಿನವರೆಗೆ ಕೆಳಗಿರಲಿ. ಈ ಇಳಿತ ಇಲ್ಲದಿದ್ದರೆ ಹುಡುಗ ಕತ್ತು ಸೊಟ್ಟ ಮಾಡಿಕೊಂಡು ಗುರಿ ಹಿಡಿಯಬೇಕಾಗುತ್ತದೆ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಕೈ ಹಿಡಿಯುವ ಕುತ್ತಿಗೆ ಇದೆಯಲ್ಲ, ಮುರಿಯುವುದು ಯಾವಾಗಲೂ ಅಲ್ಲೇ. ಹಲಗೆ ಆರಿಸುವಾಗ ಮರದ ಎಳೆ ಆ ಬಾಗಿನ ಜೊತೆಗೇ ಹೋಗಿರುವುದನ್ನು ಹುಡುಕು, ಅದಕ್ಕೆ ಎರಡು ದಿನ ಜಾಸ್ತಿ ಹಿಡಿದರೂ ಪರವಾಗಿಲ್ಲ. ಎಳೆ ಅಡ್ಡ ಕತ್ತರಿಸಿದರೆ ರಂಗದ ಮೇಲೆ ಒಮ್ಮೆ ಕೈತಪ್ಪಿ ಬಿದ್ದರೂ ಎರಡು ತುಂಡಾಗುತ್ತದೆ. ವಿಲಾಯಿತಿಯವರು ಅಕ್ರೋಟ್ ಮರ ಬಳಸುತ್ತಿದ್ದರು. ನಿನಗೆ ಹಳೇ ತೇಗದ ತೊಲೆ ಸಿಕ್ಕರೆ ಸಾಕು. ಕೊಪ್ಪಳದ ಹತ್ತಿರದ ಕಿನ್ನಾಳ ಊರಿನ ಬೊಂಬೆಯ ಹಗುರ ಮರ ಈ ಜಾಗಕ್ಕೆ ತಡೆಯುವುದಿಲ್ಲ.

ಅಳತೆ ಸರಿ ಇದ್ದರೂ ಹೊಸಬರ ಬಂದೂಕು ದಪ್ಪ ಕಾಣುವುದು ಮರ ಉಳಿಸಿದ್ದರಿಂದ. ಚಕಮಕಿಯ ಕೀಲು ಕೂರುವ ಜಾಗದ ಸುತ್ತ, ಮತ್ತೆ ನಳಿಗೆಯ ಎರಡೂ ಪಕ್ಕ. ನಳಿಗೆಯ ಅರ್ಧದಷ್ಟು ಮಾತ್ರ ಮರದೊಳಗೆ ಇರಲಿ, ಪಕ್ಕದ ಗೋಡೆ ಕಾಲು ಇಂಚಿಗಿಂತ ತೆಳ್ಳಗಾಗಲಿ. ಹೆದರಬೇಡ, ಉಜ್ಜುತ್ತಾ ಹೋಗು, ಆಗಾಗ ಎತ್ತಿ ಹಿಡಿದು ನೋಡು.

ಟಿಪ್ಪು ಕಡೆಯ ಸೈನಿಕರಿಗೂ ಮಾಡುವುದಾದರೆ ಹುಲಿಪಟ್ಟೆ ಹಾಕು, ಅವನ ಬಂದೂಕುಗಳ ಮೇಲೆ ಅದಿತ್ತು. ಕಿನ್ನಾಳದವರು ಬೊಂಬೆಗಳ ಮೇಲೆ ಮಾಡುವ ಉಬ್ಬು ಕೆಲಸ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹುಡುಗನ ಮೊಣಕೈ ಅಳತೆ ಬರೆದು ಕಳಿಸು. ರಟ್ಟಿನಲ್ಲಿ ಪೂರ್ತಿ ಅಳತೆಯ ಮಾದರಿ ಕತ್ತರಿಸಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಅದು ಕೈಸೇರುವ ತನಕ ಗರಗಸ ಮುಟ್ಟಬೇಡ.

ಇಂತಿ ನಿನ್ನ ಸೋದರಮಾವ,
ಕೊಪ್ಪಳ