ಕರಗಿ ರೂಪಾಯಿಯಾದ ಡಾಲರ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಅಮೆರಿಕದ ಹಳೆಯ ಬೆಳ್ಳಿ ಡಾಲರ್ ಕೊಳ್ಳುವಾಗ ಏನೇನು ನೋಡಬೇಕು ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಗ್ರಾಹಕರು ಹೆಚ್ಚು ಹುಡುಕುವುದು ಮಾರ್ಗನ್ ಡಾಲರ್. ಕೆತ್ತಿದವರು ಜಾರ್ಜ್ ಮಾರ್ಗನ್. 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಮತ್ತೊಮ್ಮೆ ಅಚ್ಚಾಯಿತು. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ ತೊಂಬತ್ತು ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಪ್ರತಿ ತಿಂಗಳೂ ಇಪ್ಪತ್ತರಿಂದ ನಲವತ್ತು ಲಕ್ಷ ಡಾಲರಿನ ಬೆಳ್ಳಿ ಕೊಂಡು ನಾಣ್ಯ ಅಚ್ಚುಹಾಕಲೇಬೇಕೆಂದು 1878ರ ಕಾನೂನು ಸರ್ಕಾರವನ್ನು ಕಟ್ಟಿಹಾಕಿತ್ತು. ಜನರಿಗೆ ಇಷ್ಟು ಭಾರದ ನಾಣ್ಯ ಬೇಕಿರಲಿಲ್ಲ. ಸಾವಿರ ಸಾವಿರ ನಾಣ್ಯ ತುಂಬಿದ ಚೀಲಗಳು ಖಜಾನೆಯಲ್ಲೇ ಬಿದ್ದವು. ಚಲಾವಣೆಗೇ ಬಾರದ ನಾಣ್ಯದಲ್ಲೂ ಮುಂಬದಿಯ ಸ್ವಾತಂತ್ರ್ಯದೇವಿಯ ಕೆನ್ನೆಯ ಮೇಲೆ ಗೀರು ಕಾಣುವುದು ಅದಕ್ಕೇ. ಚೀಲದೊಳಗೆ ಒಂದಕ್ಕೊಂದು ಬಡಿದ ಗುರುತು ಅದು.

ಈ ರಾಶಿಗೂ ನಮ್ಮ ದೇಶಕ್ಕೂ ನೇರ ನಂಟಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ಬರ ಬಂತು. ಸರ್ಕಾರ 1917ರ ಕೊನೆಯಲ್ಲಿ ಒಂದು ರೂಪಾಯಿಯ ನೋಟು, ಅದರ ಬೆನ್ನಿಗೇ ಎರಡೂವರೆ ರೂಪಾಯಿಯ ನೋಟು ಹೊರಡಿಸಿತು. ಜನ ಮಾತ್ರ ನೋಟು ಕೊಟ್ಟು ಬೆಳ್ಳಿಯನ್ನೇ ಕೇಳಿದರು. ಆಗ ಅಮೆರಿಕ 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ತಂದು 27 ಕೋಟಿಗೂ ಹೆಚ್ಚು ಡಾಲರ್ ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ನಾಣ್ಯದ ಬೆಳ್ಳಿ ಬ್ರಿಟಿಷರ ಮೂಲಕ ಭಾರತದ ಪಾಲಾಯಿತು. ಒಂದು ಡಾಲರಿನಲ್ಲಿ ಅಪ್ಪಟ ಬೆಳ್ಳಿ 24 ಗ್ರಾಂ ಚಿಲ್ಲರೆ, ಆಗಿನ ರೂಪಾಯಿಯಲ್ಲಿ 10.7 ಗ್ರಾಂ. ಅಂದರೆ ಒಂದು ಡಾಲರಿಗೆ ಎರಡೂಕಾಲು ರೂಪಾಯಿ.

ಕರಗಿಸಿದವರು ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಹೋಯಿತು ಎಂದು ಬರೆದಿಡಲಿಲ್ಲ. ಆದ್ದರಿಂದ ಅಚ್ಚಾದ ಸಂಖ್ಯೆ ನೋಡಿ ಬೆಲೆ ಕಟ್ಟಲೇಬೇಡಿ, ಉಳಿದದ್ದೆಷ್ಟು ಎಂಬುದೇ ಲೆಕ್ಕ. ನ್ಯೂ ಆರ್ಲಿಯನ್ಸಿನ 1903ರ ಡಾಲರ್ 44 ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದರೂ ಬಲು ಅಪರೂಪವೆನಿಸಿತ್ತು. 1962ರಲ್ಲಿ ಖಜಾನೆಯಿಂದ ಅದರ ಚೀಲಗಳು ಹೊರಬಂದದ್ದೇ ತಡ, ಬೆಲೆ ನೆಲ ಕಚ್ಚಿತು. 1921ರ ಮಾರ್ಗನ್ ಅಗ್ಗ, ಏಕೆಂದರೆ ಕರಗಿದ್ದನ್ನು ತುಂಬಲು ಆ ಒಂದೇ ವರ್ಷ ಎಂಟು ಕೋಟಿಗೂ ಹೆಚ್ಚು ಅಚ್ಚಾದವು. ಮೊದಲ ನಾಣ್ಯಕ್ಕೆ ಅದೇ ಸಾಕು.

ಟಂಕಸಾಲೆಯ ಗುರುತು ಹಿಂಬದಿಯಲ್ಲಿರುತ್ತದೆ: ಹದ್ದಿನ ಕೆಳಗೆ, ಹಾರದ ಗಂಟಿನಡಿ, ಡಾಲರ್ ಪದದ ಮೇಲ್ಗಡೆ. 'ಎಸ್' ಸ್ಯಾನ್ ಫ್ರಾನ್ಸಿಸ್ಕೊ, 'ಒ' ನ್ಯೂ ಆರ್ಲಿಯನ್ಸ್, 'ಸಿಸಿ' ಕಾರ್ಸನ್ ಸಿಟಿ, 'ಡಿ' ಡೆನ್ವರ್. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯ. ಮೋಸ ನಡೆಯುವುದೂ ಇಲ್ಲೇ. 1893ರ 'ಎಸ್' ಒಂದೇ ಲಕ್ಷ ಅಚ್ಚಾದದ್ದು, ಬೆಲೆ ವಿಪರೀತ. ಹಾಗಾಗಿ ಬೇರೆ ನಾಣ್ಯಕ್ಕೆ ಆ ಅಕ್ಷರ ಅಂಟಿಸುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಹಿಡಿದು ಅಕ್ಷರದ ಬುಡ ನೋಡಿ. ಸುತ್ತ ಸಣ್ಣ ಬೆಸುಗೆಯ ಗೆರೆ ಕಂಡರೆ ಕೈಬಿಡಿ. ಪೂರ್ತಿ ನಕಲಿಯಾದರೆ ನಮ್ಮ ಅಕ್ಕಸಾಲಿಗರ ತಕ್ಕಡಿಯೇ ಹೇಳುತ್ತದೆ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು, ಆದರೆ ಹೊಳೆಯುವ ನಾಣ್ಯ 25 ಗ್ರಾಂ ತೂಗಿದರೆ ಅದು ಬೇಡ. ಅಯಸ್ಕಾಂತಕ್ಕೆ ಅಂಟಿದರಂತೂ ಮಾತೇ ಇಲ್ಲ.

ಅಮ್ಮನಿಗೆ ಒಂದು ಮಾತು: ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬಾರದು. ಕೂದಲೆಳೆಯಂಥ ಗೀರುಗಳು ಮೂಡಿ ಮೂಲ ಹೊಳಪು ಹೋದರೆ ಅದು ಮರಳಿ ಬರುವುದಿಲ್ಲ, ಬೆಲೆಯೂ ಇಳಿಯುತ್ತದೆ. ಕಪ್ಪಾದರೆ ಹಾಗೇ ಇರಲಿ. ಪಿವಿಸಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ವರ್ಷಗಳಲ್ಲಿ ಹಸಿರು ಜಿಗುಟು ಕೂರುತ್ತದೆ, ಅದಕ್ಕೆ ಗಟ್ಟಿ ಡಬ್ಬಿಯೇ ಒಳ್ಳೆಯದು. ಹಿಡಿಯುವಾಗ ಅಂಚು ಮಾತ್ರ ಮುಟ್ಟಿ.

ಪೆಟ್ಟಿಗೆಯಲ್ಲಿರುವ ಐದನೇ ಜಾರ್ಜ್ ರೂಪಾಯಿಗಳ ವರ್ಷ ನೋಡಿ ತಿಳಿಸುತ್ತೀರಾ? 1918 ಅಥವಾ 1919 ಆಗಿದ್ದರೆ ಅದರ ಬೆಳ್ಳಿ ಡಾಲರಿನದೇ ಇರಬಹುದು. ಹಿಂಬದಿಯ ಕೆಳಗಿನ ಕಮಲದಡಿ ಪುಟ್ಟ ಚುಕ್ಕಿ ಇದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು.

ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ